ಟ್ಯಾಂಕಿಗೆ ಯಾರ ಸಾಕು

ಅವ್ವನ ದನಿ ಟ್ಯಾಂಕಿನಿಂದ ಅಳಿಸಿಹೋದ ಸಂಜೆ ನಾನು ಗುಡಿಯಲ್ಲಿ ಹೂಂಗುಡುತ್ತ ಕೂತಿದ್ದೆ. ಪುರಾಣ ಓದುವವರು ಪದ್ಯವನ್ನು ರಾಗವಾಗಿ ಹೇಳಿ ಉಸಿರು ತೆಗೆದುಕೊಳ್ಳುವ ಕಡೆ ‘ಹೂಂ’ ಅನ್ನುವುದು ನಮ್ಮ ಮನೆತನದ ಸೇವೆ. ನಮ್ಮಪ್ಪ ಮಾಡಿದ್ದ, ಅವರಪ್ಪ ಮಾಡಿದ್ದ. ಕೆಲಸ ಸಣ್ಣದು, ಆದರೆ ಹೂಂ ಬಾರದೆ ಹೋದರೆ ಮುಂದಿನ ಪದ್ಯ ಏಳುವುದಿಲ್ಲ. ನಡುವೆ ಎದ್ದು ಹೋಗುವಂತಿಲ್ಲ, ಆಕಳಿಸುವಂತಿಲ್ಲ, ಮಂಗಳವಾಗುವ ತನಕ ಮುಗಿಯಿತೇನು ಎಂಬಂತೆ ಕತ್ತೆತ್ತಿ ನೋಡುವಂತೆಯೂ ಇಲ್ಲ. ಚಿಕ್ಕಂದಿನಿಂದ ಹೀಗೆ ಕೇಳುತ್ತ ಬೆಳೆದ ನನಗೆ ಮಾತು ಅಷ್ಟಕ್ಕಷ್ಟೆ. ಕಿವಿಯ ತುಂಬ ದೇವರ ಕಥೆ ಇರುವಾಗ ನಡುವೆ ನನ್ನದೊಂದು ಮಾತು ಯಾಕೆ ಅಂತ ಇದ್ದುಬಿಟ್ಟಿದ್ದೇನೆ.

ಮಂಗಳವಾಗಿ, ಪ್ರಸಾದ ಕಣ್ಣಿಗೊತ್ತಿಕೊಂಡು ಓಣಿಗೆ ಬಂದರೆ ನಮ್ಮ ಮನೆಯ ಮುಂದೆ ನೀರು ಹರಿಯುತ್ತಿದೆ. ಹಿತ್ತಲ ಸಂಡಾಸಿನ ಬಾಗಿಲ ಕೆಳಗಿನಿಂದ ಹೊರಟು, ಬಗಲಿನ ಸಂದಿ ಹಿಡಿದು, ಓಣಿಯ ಇಳಿಜಾರಿನಲ್ಲಿ ತನ್ನ ಪಾಡಿಗೆ ಹೋಗುತ್ತಿದೆ. ಒಳಗೆ ನನ್ನ ಹೆಂಡತಿ ಅಂಬಾ ಮತ್ತು ನನ್ನ ಅಕ್ಕ ತುಳಸಕ್ಕ ಇಬ್ಬರೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಫ್ಲಶ್ ಟ್ಯಾಂಕಿನ ಎದುರು ನಿಂತಿದ್ದರು. ಒಬ್ಬರಾದ ಮೇಲೆ ಒಬ್ಬರು “ಸಾಕು, ಸಾಕು” ಅನ್ನುತ್ತಿದ್ದರು. ಟ್ಯಾಂಕು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ನಮ್ಮ ಊರಲ್ಲಿ ಸಾಕು ಅನ್ನುವ ತನಕ ನೀರು ನಿಲ್ಲುವುದಿಲ್ಲ. ಬೆಳಗಿನ ಹೊತ್ತು ಯಾವ ಓಣಿಯಲ್ಲಿ ಹೋದರೂ ಕಿಡಕಿಗಳಿಂದ “ಸಾಕು”, “ಸಾಕ್ ಸಾಕು”, “ಏ ಸಾಕಂದ್ನಲ್ಲ” ಅನ್ನುವ ದನಿಗಳು ಕೇಳುತ್ತವೆ. ನೆಗಡಿಯಾಗಿ ಗಂಟಲು ಕಟ್ಟಿದವರು ಸ್ನಾನಕ್ಕೆ ಹೋಗುವಾಗ ಬಾಗಿಲ ಹೊರಗೆ ಇನ್ನೊಬ್ಬರನ್ನು ನಿಲ್ಲಿಸಿಕೊಳ್ಳುತ್ತಾರೆ. ಆ ಮನೆಯ ಒಲೆಯ ಅನ್ನ ಉಂಡು ಆ ಮನೆಯವರೇ ಆದವರ ಮಾತಿಗೆ ಮಾತ್ರ ನೀರು ಬಗ್ಗುತ್ತದೆ. ಬಂದ ಬೀಗರು ಎಷ್ಟು ಕೂಗಿದರೂ ಅಷ್ಟೆ. ಹೊಸದಾಗಿ ಬಂದ ಸೊಸೆಯ ಮಾತಿಗೆ ನಳ ಮೊದಲ ಸಲ ನಿಂತಾಗ ಅತ್ತೆಯಾದವಳು ಓಣಿಗೆಲ್ಲ ಸಕ್ಕರೆ ಹಂಚುತ್ತಾಳೆ. ಇನ್ನು ಸಂಡಾಸಿನ ಟ್ಯಾಂಕು. ಅದು ತುಂಬುವ ತನಕ ಅಲ್ಲಿ ಯಾರು ನಿಂತಾರು? ಅದಕ್ಕೇ ಅದರ ಒಳಗಿನ ವಾಲ್ವಿಗೆ ಮನೆಯ ಒಬ್ಬರ ಸಾಕನ್ನು ಹಾಕಿಸಿ ತರುತ್ತಾರೆ. ನೀರು ಏರಿ, ಚೆಂಡು ಏರಿ, ಆ ದನಿ ಎಲ್ಲಿ ಸಾಕು ಅನ್ನುತ್ತದೋ ಅಲ್ಲಿಗೆ ವಾಲ್ವು ಮುಚ್ಚುತ್ತದೆ. ಒಂದು ವಾಲ್ವಿಗೆ ಒಂದೇ ದನಿ. ದನಿ ಕೊಟ್ಟವರು ತೀರಿಕೊಂಡ ಮೇಲೂ ಕೆಲವು ಕಾಲ ಇದ್ದು, ವಾಶರು ಸವೆದ ಹಾಗೆ ಸವೆದು, ಒಂದು ದಿನ ಇಲ್ಲವಾಗುತ್ತದೆ. ಅವ್ವನದು ಹೀಗೆಯೇ ಹೋಯಿತು.

“ಏನ್ರೀ, ಹಂಗ ನಿಂತ್ರ ಹೆಂಗ? ಕೆಳಗಿನ ಕಾಕ್ ತಿರುವ್ರಿ,” ಅಂದಳು ಅಂಬಾ.

ತಿರುವಿದೆ. ನೀರು ದಾರದಷ್ಟು ಸಣ್ಣದಾಯಿತು, ನಿಲ್ಲಲಿಲ್ಲ. ತುಳಸಕ್ಕ ಹಳೆಯ ಧೋತರದ ತುಂಡು ತಂದು ಕೊಳವೆಗೆ ಬಿಗಿದಳು. ಕೆಳಗೊಂದು ಬಕೀಟು ಇಟ್ಟಳು. ಮೂವರೂ ಬಕೀಟಿನ ಸದ್ದು ಕೇಳುತ್ತ ಸ್ವಲ್ಪ ಹೊತ್ತು ನಿಂತೆವು. ಅವ್ವ ಹೋಗಿ ಎಷ್ಟೋ ದಿನವಾಗಿತ್ತು, ಆದರೆ ಅವತ್ತೇ ಹೋದಳೇನೋ ಅನ್ನಿಸಿತು.

ಹೊಸ ವಾಲ್ವು ತರುವುದೇನು ದೊಡ್ಡ ಮಾತಲ್ಲ. ಯಾರ ಸಾಕು ಹಾಕಿಸುವುದು ಅನ್ನುವುದೇ ದೊಡ್ಡ ಮಾತು. ಟ್ಯಾಂಕಿನಲ್ಲಿ ಯಾರ ದನಿಯೋ ಆ ಮನೆಯ ಸೌಟು ಅವರ ಕೈಯಲ್ಲಿ. ಅವರು ಬಡಿಸಬೇಕು, ಉಳಿದವರು ಬಡಿಸಿಕೊಳ್ಳಬೇಕು. ಅವ್ವ ತೀರಿದ ಮೇಲೂ ಟ್ಯಾಂಕಿನಲ್ಲಿ ಅವಳ ದನಿಯೇ ಇದ್ದುದರಿಂದ ನಾವು ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಅವರವರದು ಅವರವರು ಹಾಕಿಕೊಂಡು ಉಣ್ಣುತ್ತಿದ್ದೆವು. ಇನ್ನು ಆ ಆಸರೆಯೂ ಇಲ್ಲ.

ತುಳಸಕ್ಕ ಈ ಮನೆಯಲ್ಲಿ ಹುಟ್ಟಿದವಳು. ಮದುವೆಯಾಗಿ ಪೇಟೆಯ ಆಚೆಯ ಮನೆಗೆ ಹೋದಳು. ಅಲ್ಲಿಯ ನೀರು ಆಕೆಯ ಮಾತು ಕೇಳಲೇ ಇಲ್ಲ. ಗಂಡ ಒಳ್ಳೆಯವನೇ, ಅತ್ತೆಯೂ ಕೆಟ್ಟವಳಲ್ಲ, ಆದರೆ ಪ್ರತಿ ಕೊಡಕ್ಕೂ ಯಾರಾದರೂ ಬಂದು ಸಾಕು ಅನ್ನಬೇಕು. ಆಕೆ ಬಚ್ಚಲಿನಲ್ಲಿ ನಿಂತು ನೀರಿನ ಜೊತೆ ಜಗಳಾಡುವುದು ಓಣಿಗೆಲ್ಲ ಕೇಳುತ್ತಿತ್ತಂತೆ. ಮಳೆಗಾಲ ಮುಗಿಯುವುದರೊಳಗೆ ಗಂಟು ಹಿಡಿದುಕೊಂಡು ಬಂದವಳು ನೆಟ್ಟಗೆ ನಮ್ಮ ಹಿತ್ತಲಿಗೆ ಹೋಗಿ, ಕಾಲು ತೊಳೆದುಕೊಂಡು, ಸಾಕು ಅಂದಳು. ನಳ ತಟ್ಟನೆ ನಿಂತಿತು. ಅವತ್ತು ಆಕೆ ಅಲ್ಲೇ ಕೂತು ಅತ್ತದ್ದು ನನಗೆ ನೆನಪಿದೆ. ಮರಳಿ ಹೋಗಲಿಲ್ಲ.

ಅಂಬಾ ಬಂದಾಗ ಇದೇ ನೀರು ಆಕೆಯನ್ನು ಬಹಳ ಕಾಯಿಸಿತು. ಜೊತೆಗೆ ಮದುವೆಯಾದವರ ಮನೆಗಳಲ್ಲೆಲ್ಲ ಸಕ್ಕರೆ ಹಂಚಿ ಮುಗಿದು, ಕೂಸುಗಳ ಹೆಸರಿಡುವ ಹೊತ್ತು ಬಂದರೂ ನಮ್ಮ ನಳ ಅಂಬಾಳ ಮಾತಿಗೆ ಕಿವಿಗೊಡಲಿಲ್ಲ. ಕೊಡ ಇಟ್ಟು ತುಳಸಕ್ಕನನ್ನು ಕರೆಯುತ್ತಿದ್ದಳು. ತುಳಸಕ್ಕ ಬಂದು ಒಂದೇ ಮಾತಿನಲ್ಲಿ ನಿಲ್ಲಿಸಿ ಹೋಗುತ್ತಿದ್ದಳು. ಕೊನೆಗೊಂದು ದಿನ ನಿಂತಿತು. ಆದರೆ ಅವತ್ತು ಅವ್ವನಿಗೆ ಜ್ವರ; ಸಕ್ಕರೆ ಹಂಚುವುದು ಹಾಗೇ ಉಳಿಯಿತು. ಅಂಬಾ ಇದನ್ನು ಎಂದೂ ಬಾಯಿಬಿಟ್ಟು ಆಡಿದವಳಲ್ಲ.

ಈಗ ಹೇಳಿ, ಯಾರದು ಹಾಕಿಸಲಿ? ಅಕ್ಕನದು ಹಾಕಿಸಿದರೆ ಅಂಬಾ ಸಾಯುವ ತನಕ ಈ ಮನೆಗೆ ಹೊರಗಿನಿಂದ ಬಂದವಳಾಗಿಯೇ ಉಳಿಯುತ್ತಾಳೆ. ಅಂಬಾಳದು ಹಾಕಿಸಿದರೆ ಅಕ್ಕನಿಗೆ ಎರಡನೆಯ ಮನೆಯೂ ಬೇಡವೆಂದಂತೆ.

ನಾನು ಮೊದಲು ಅಂಬಾಳನ್ನು ಕೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ಮುಖ ಎತ್ತಲಿಲ್ಲ. “ತುಳಸಕ್ಕನ್ನದೇ ಹಾಕಸ್ರಿ. ಅವರು ಹಿರೇರು. ಹುಟ್ಟಿದ ಮನಿ ಅವರದು. ನಂದೇನದ ಇಲ್ಲೆ?”

ಅಕ್ಕನ ಹತ್ತಿರ ಹೋದೆ. ಆಕೆ ಹೂಬತ್ತಿ ಹೊಸೆಯುತ್ತಿದ್ದಳು. “ಏ ಜಯಾ, ಇದ್ರಾಗ ಕೇಳೂದೇನದ? ಅಂಬಾಂದು ಹಾಕಸು. ಮನೀ ಆಕೀದು. ನಾ ಇವತ್ತಿದ್ದು ನಾಳೆ ಮಠಕ್ಕ ಹೋಗಾಕಿ.”

“ಮಠಕ್ಕ ಯಾಕ ಹೋಗ್ತೀ ಅಕ್ಕಾ?”

“ಯಾಕ ಅಂದ್ರ? ಹೋಗಬಾರದೇನು?”

ನಾನು ಮತ್ತೆ ಅಂಬಾಳ ಹತ್ತಿರ ಬಂದು, ಅಕ್ಕ ನಿನ್ನದೇ ಹಾಕಿಸು ಅನ್ನುತ್ತಾಳೆ ಅಂದೆ. “ಹೌದೇನು? ಹೆಂಗಂದ್ರು? ನಕ್ಕೋತ ಅಂದ್ರೋ, ಮಾರಿ ತಿರುವಿ ಅಂದ್ರೋ?” ಅಂತ ಕೇಳಿದಳು. ನಾನು ಬತ್ತಿಯನ್ನು ನೋಡುತ್ತಿದ್ದೆ, ಅಕ್ಕನ ಮುಖ ನೋಡಿರಲಿಲ್ಲ. “ನೋಡ್ಲಿಲ್ಲ” ಅಂದೆ. “ಮತ್ತ ಏನ್ ಕೇಳಿ ಬಂದ್ರಿ?” ಅಂದಳು. ದಿನವೂ ಕೇಳುವುದೇ ನನ್ನ ಕೆಲಸ. ಪದ್ಯದಲ್ಲಾದರೆ ಬೇಡ ಅಂದವರು ಬೇಡವೆಂದೇ ಅನ್ನುತ್ತಾರೆ, ಶಪಿಸುವವರು ಶಪಿಸುತ್ತಾರೆ. ಎಲ್ಲಿ ಹೂಂ ಅನ್ನಬೇಕೆಂದು ರಾಗವೇ ಹೇಳಿಕೊಡುತ್ತದೆ. ಮನೆಯಲ್ಲಿ ಇಬ್ಬರೂ ಒಂದೇ ರಾಗದಲ್ಲಿ ‘ಆಕೀದು ಹಾಕಸು’ ಅನ್ನುತ್ತಿದ್ದರು, ನನಗೆ ತಲೆಬುಡ ತಿಳಿಯಲಿಲ್ಲ.

ಮೊದಲು ವಾಲ್ವಾದರೂ ಆರಿಸೋಣ, ದನಿಯ ಮಾತು ಆಮೇಲೆ ಅಂತ ಬಸಲಿಂಗಪ್ಪನ ಅಂಗಡಿಗೆ ಹೋದೆ. ನಳದ ಸಾಮಾನಿನ ಅಂಗಡಿಗಳು ನಮ್ಮಲ್ಲಿ ಕಬ್ಬಿಣದ ವಾಸನೆಗಿಂತ ತುಪ್ಪದ ವಾಸನೆಯನ್ನೇ ಹೆಚ್ಚು ಸೂಸುತ್ತವೆ. ಮುಂದೆ ಕೊಳವೆ, ನಟ್ಟು, ವಾಶರು. ಹಿಂದೆ ಒಲೆ, ಒಲೆಯ ಮೇಲೆ ಗೋಧಿ ಹುಗ್ಗಿ. ದನಿ ಕೊಡುವವರು ಎಲೆಯ ಮುಂದೆ ಕೂರಬೇಕು, ವಾಲ್ವು ಎಲೆಯ ತುದಿಯಲ್ಲಿ ಇರಬೇಕು. ಬಸಲಿಂಗಪ್ಪನ ಹೆಂಡತಿ ನೀಲವ್ವ ಬಡಿಸುತ್ತಾಳೆ. ಉಂಡು ಉಂಡು ಒಳಗಿನಿಂದ ತಾನಾಗಿ ಸಾಕು ಬಂದ ಕ್ಷಣ ವಾಲ್ವು ‘ಟಕ್’ ಅನ್ನುತ್ತದೆ, ದನಿ ಕೂತಿತು ಅಂತ ಲೆಕ್ಕ. ಸುಮ್ಮನೆ ನಾಲಿಗೆಯ ಮೇಲಿನ ಸಾಕಿಗೆ ಅದು ಮಿಸುಕುವುದಿಲ್ಲ. ಆ ಎಲೆಯ ಮುಂದೆ ಮಡಿ-ಮೈಲಿಗೆ ನೋಡಬಾರದು ಅಂತ ಹಿರಿಯರ ಕಟ್ಟಳೆ ಇದೆ, ಇಲ್ಲದಿದ್ದರೆ ಅರ್ಧ ಊರು ತೇಲಿಹೋಗುತ್ತಿತ್ತು.

“ಬರ್ರಿ ಬರ್ರಿ, ಹೂಂ ಅನ್ನೋ ಸ್ವಾಮೇರು ಬಂದ್ರು,” ಅಂದ ಬಸಲಿಂಗಪ್ಪ. “ನೀರು ನಮ್ಮ ಅಂಗಡಿ ಮುಂದನ ಹರದ್ವು. ಬರ್ತೀರಂತ ಗೊತ್ತಿತ್ತು. ಟ್ಯಾಂಕಿಗೆ ನೀರು ಬಗಲಿಂದ ಬರ್ತೈತೋ, ತಳದಿಂದ ಬರ್ತೈತೋ?”

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅದರ ಬುಡದಲ್ಲೇ ದಿನವೂ ಕೂತು ಎದ್ದರೂ ನೋಡಿರಲಿಲ್ಲ.

“ಹೋಗ್ಲಿ ಬಿಡ್ರಿ. ಬಗಲಿಂದು ಆದ್ರ ಉದ್ದ ಕಡ್ಡಿ, ತುದೀಗೆ ಚೆಂಡು. ತಳದ್ದು ಆದ್ರ ಇದು, ಕಂಬದಂಗ ನೆಟ್ಟಗ ನಿಲ್ತೈತಿ, ಚೆಂಡು ಇಲ್ಲ, ಈ ಬಟ್ಟಲಾನ ಮ್ಯಾಲೆ ಕೆಳಗ ಆಡ್ತೈತಿ. ಸಪ್ಪಳಿಲ್ಲ. ಇದಕ್ಕ ಮೆಲ್ಲಗ ಮಾತಾಡೋರ ದನಿ ಭಾಳ ಛಲೋ ಕೂಡ್ತೈತಿ. ಇದು ಹಿತ್ತಾಳಿ. ದನಿ ಕೂತಿತು ಅಂದ್ರ ಕಲ್ಲಿನ ಮ್ಯಾಲೆ ಬರದಂಗ. ಆದರ ಹಿತ್ತಾಳಿ ಮೊಂಡ ರೀ, ಹೊಟ್ಟಿ ಕಟಗೊಂಡು ಅಂದ ಸಾಕು ಒಲ್ಲದು. ಇದು ಪ್ಲಾಸ್ಟಿಕ್. ಯಾರಂದ್ರೂ ತಗೋತೈತಿ, ಲಗೂನ ಮರೀತೈತಿ. ಭಾಡಿಗಿ ಮನ್ಯಾವ್ರು ಒಯ್ತಾರ.”

“ಯಾವುದು ಛಲೋ?” ಅಂದೆ.

“ಯಾರ ದನಿ ಅಂತ ಹೇಳ್ರಿ, ಯಾವ ವಾಲ್ವಂತ ಹೇಳ್ತೀನಿ.”

ನಾನು ವಾಲ್ವನ್ನು ಎತ್ತಿ ನೋಡಿ ಕೆಳಗಿಟ್ಟೆ. ಒಳಗಿನಿಂದ ನೀಲವ್ವ, “ತುಳಸಕ್ಕಾರದೋ ಅಂಬಾ ಅವ್ವಾರದೋ?” ಅಂತ ಕೂಗಿದಳು. ಊರಿಗೆಲ್ಲ ಗೊತ್ತಿತ್ತು ಅಂದ ಹಾಗಾಯಿತು. ಮರುದಿನ ಬರುತ್ತೇನೆ ಅಂತ ಮನೆಗೆ ಬಂದು, ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ. ಬಗಲಿನದೇ. ಹಳೆಯ ಚೆಂಡು ನೀರಿನ ಮೇಲೆ ಒಂದು ಕಡೆ ಓಲಿಕೊಂಡು ತೇಲುತ್ತಿತ್ತು. ಇಷ್ಟು ತಿಳಿದದ್ದೇ ನನಗೆ ದೊಡ್ಡ ಸಮಾಧಾನವಾಯಿತು.

ಆ ಮರುದಿನ ಏಕಾದಶಿ, ನಿರಾಹಾರ. ದಿನವಿಡೀ ಕೂತು ಯೋಚಿಸಿದೆ. ಇಬ್ಬರದೂ ಬೇಡ, ನನ್ನದೇ ಹಾಕಿಸಿಬಿಟ್ಟರೆ? ಗಂಡಸು ಸೌಟು ಹಿಡಿಯುವುದು ನಮ್ಮ ಊರಲ್ಲಿ ಕೇಳಿಲ್ಲ, ಆದರೆ ಹಿಡಿಯಬಾರದು ಅಂತಲೂ ಯಾವ ಪದ್ಯದಲ್ಲೂ ಬಂದಿಲ್ಲ. ಇಬ್ಬರಿಗೂ ನಾನೇ ಬಡಿಸಿದರೆ ಯಾರು ಬೇಜಾರಾದಾರು? ದೇವರೇ ಬುದ್ಧಿ ಕೊಟ್ಟ ಅನ್ನಿಸಿತು. ದ್ವಾದಶಿಯ ಬೆಳಿಗ್ಗೆ ಸ್ನಾನ ಸಂಧ್ಯಾವಂದನೆ ಮುಗಿಸಿ, ಪಾರಣೆಗೆ ಮನೆಯಲ್ಲಿ ಅನ್ನ ಆಗುವ ಮೊದಲೇ ಹೇಳದೆ ಕೇಳದೆ ಬಸಲಿಂಗಪ್ಪನ ಅಂಗಡಿಯ ಎಲೆಯ ಮುಂದೆ ಕೂತುಬಿಟ್ಟೆ. ಬಗಲಿನದು, ಹಿತ್ತಾಳೆಯದು ಅಂತ ನಾನೇ ಹೇಳಿದೆ. ಬಸಲಿಂಗಪ್ಪ ನನ್ನ ಮುಖವನ್ನು ಎರಡು ಸಲ ನೋಡಿ ವಾಲ್ವು ಇಟ್ಟ.

ಹುಗ್ಗಿ ಏನು ರುಚಿಯಾಗಿತ್ತು ಅನ್ನುತ್ತೀರಿ! ನೀಲವ್ವ ಹಾಕಿದಳು, ಹಾಕಿದಳು. ಮೇಲೆ ತುಪ್ಪ, ತುಪ್ಪದ ಮೇಲೆ ಹಾಲು. ಹಿಂದಿನ ದಿನದ ಹಸಿವು ಕರಗುವ ತನಕ ಇವತ್ತಿನ ಹಸಿವಿಗೆ ಪಾಳಿ ಬರಲಿಲ್ಲ. “ಸ್ವಾಮೇರಿಗೆ ಇನ್ನೊಂದೀಟು?” ಅಂದಾಗಲೆಲ್ಲ ನನ್ನ ಬಾಯಿಂದ ಬರುತ್ತಿದ್ದುದು ಹೂಂ. ಕೊನೆಗೆ ಉಸಿರು ಸಿಕ್ಕಿಹಾಕಿಕೊಂಡ ಮೇಲೆ ಸಾಕು ಬಂತು. ವಾಲ್ವು ಟಕ್ ಅಂತು.

ಮನೆಯಲ್ಲಿ ಜೋಡಿಸಿದ ಮೇಲೆ ನೀರು ಏರಿತು. ಗುರುತಿನ ಗೆರೆಗೆ ಬಂತು, ಗೆರೆ ದಾಟಿತು, ಮೇಲಿನ ಕೊಳವೆಗೆ ಬಂತು, ಮುಚ್ಚಳ ಎತ್ತಿಕೊಂಡು ಹೊರಗೆ ಬಂತು. ಟ್ಯಾಂಕು ಅಂಗಡಿಯಲ್ಲಿ ಕೂತ ನನ್ನ ಹಾಗೆಯೇ ನಿಲ್ಲಲು ಮನಸ್ಸಿಲ್ಲದೆ ಉಣ್ಣುತ್ತಲೇ ಇತ್ತು. ಹಿಂದಿಗಿಂತ ದೊಡ್ಡ ಹೊಳೆ ಓಣಿಗೆ ಹೋಯಿತು. ಎದುರು ಮನೆಯ ವೆಂಕೋಬಾಚಾರ್ಯರು ಕಟ್ಟೆಯ ಮೇಲೆ ಕಾಲು ಎತ್ತಿಕೊಂಡು ಕೂತು, “ಏನೋ ಜಯತೀರ್ಥ, ನಿನ್ನ ಸಂಡಾಸಿಂದು ಇನ್ನೂ ಪಾರಣಿ ಮುಗದಿಲ್ಲೇನೋ?” ಅಂದರು. ಓಣಿ ನಕ್ಕಿತು. ನಾನು ಒಬ್ಬನೇ ಹೋಗಿ ದನಿ ಕೊಟ್ಟು ಬಂದದ್ದು, ಅದೂ ಉಪವಾಸದ ಹೊಟ್ಟೆಯಲ್ಲಿ, ಹೀಗೆ ಎಲ್ಲರಿಗೂ ತಿಳಿಯಿತು.

ಆಶ್ಚರ್ಯವೆಂದರೆ ಮನೆಯಲ್ಲಿ ಇಬ್ಬರೂ ನಗಲಿಲ್ಲ. ತುಳಸಕ್ಕ ಮೊಣಕಾಲ ತನಕ ಸೀರೆ ಎತ್ತಿ ಕಟ್ಟಿಕೊಂಡು ಕಸಬರಿಗೆಯಿಂದ ನೀರು ನೂಕುತ್ತಿದ್ದಳು. ಅಂಬಾ ಕಾಕನ್ನು ತಿರುವಿ ಧೋತರ ಬಿಗಿಯುತ್ತಿದ್ದಳು.

“ನಮ್ಮಿಬ್ಬರೊಳಗ ಒಬ್ಬಾಕೀ ಹೆಸರು ಹೇಳಲಿಕ್ಕೆ ನಿನಗ ಇಷ್ಟು ಸಂಕಟ ಆತೇನೋ?” ಅಂದಳು ಅಕ್ಕ.

“ಹೇಳಿದ್ರ ಏನ್ ನಾವು ಹೊಡದಾಡತಿದ್ವೇನು?” ಅಂದಳು ಅಂಬಾ.

ಇಬ್ಬರೂ ಕೂಡಿ ಒಂದೇ ಕಡೆ ನಿಂತು ನನ್ನನ್ನು ಬೈದರು. ಇದು ಒಳ್ಳೆಯದಾಯಿತೋ ಕೆಟ್ಟದಾಯಿತೋ ತಿಳಿಯಲಿಲ್ಲ. ಆದರೆ ಅವತ್ತೇ ಮಧ್ಯಾಹ್ನ ತುಳಸಕ್ಕ ತನ್ನ ಸೀರೆಗಳನ್ನು ಬಿಸಿಲಿಗೆ ಹಾಕಿ, ಮಡಚಿ, ಒಂದು ಗಂಟು ಕಟ್ಟಿ ಅಟ್ಟದ ಮೆಟ್ಟಿಲ ಮೇಲೆ ಇಟ್ಟಳು. ಕೇಳಿದರೆ, “ನುಸಿ ಬಿದ್ದಾವ, ಅದಕ್ಕ” ಅಂದಳು. ಅಂಬಾ ಆ ಗಂಟನ್ನು ನೋಡಿ ಅಡಿಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಮಠಕ್ಕೆ ಹೋಗುವ ಗಂಟೋ, ನಿಜಕ್ಕೂ ನುಸಿಯೋ, ಅಂಬಾ ಒಳಗೆ ಅತ್ತಳೋ, ಒಗ್ಗರಣೆಯ ಘಾಟಿಗೆ ಕಣ್ಣು ಒರೆಸಿಕೊಂಡಳೋ, ಯಾವುದನ್ನೂ ನಾನು ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಮತ್ತೆ ಬಸಲಿಂಗಪ್ಪನ ಹತ್ತಿರ ಹೋಗಿ ಇದ್ದದ್ದನ್ನು ಹೇಳಿದೆ. ಆತ ಕಿವಿಯ ಮೇಲಿನ ಪೆನ್ಸಿಲು ತೆಗೆದು ತಲೆ ಕೆರೆದುಕೊಂಡ. “ನನಗೂ ತಿಳೀವಲ್ದು ಸ್ವಾಮೇರ. ಒಂದು ಮಾಡ್ರಿ. ಇಬ್ಬರನ್ನೂ ಕರಕೊಂಡು ಬರ್ರಿ. ಎರಡೆಲಿ ಹಾಕೋಣು. ನಡಬರಕ ಒಂದ ವಾಲ್ವ ಇಡೋಣು. ಯಾರಿಗೆ ಮೊದಲ ಸಾಕು ಬರ್ತೈತೋ ಅವರದು. ನೀವು ಆರಿಸಿದಂಗೂ ಆಗಂಗಿಲ್ಲ, ಅವರು ಕೇಳಿದಂಗೂ ಆಗಂಗಿಲ್ಲ.”

ನನಗೆ ಇದು ವೇದವಾಕ್ಯದ ಹಾಗೆ ಕೇಳಿತು. ಮನೆಗೆ ಬಂದು ಹೇಳಿದಾಗ ಇಬ್ಬರೂ “ಆಗ್ಲಿ” ಅಂದರು, ಒಂದೇ ಸಲಕ್ಕೆ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಮರುದಿನ ಮೂವರೂ ಹೋದೆವು. ಇಬ್ಬರೂ ಇದ್ದುದರೊಳಗೆ ಒಳ್ಳೆಯ ಸೀರೆ ಉಟ್ಟಿದ್ದರು. ದಾರಿಯಲ್ಲಿ ಅಂಬಾ ಒಂದು ಹೆಜ್ಜೆ ಹಿಂದೆ ನಡೆದಳು, ತುಳಸಕ್ಕ ನಿಂತು ಆಕೆಯನ್ನು ಮುಂದೆ ಬಿಟ್ಟಳು, ಅಂಬಾ ಮತ್ತೆ ಹಿಂದಾದಳು. ಹೀಗೆ ಇದ್ದಷ್ಟೇ ದಾರಿ ಎರಡರಷ್ಟಾಯಿತು. ಅಂಗಡಿಯಲ್ಲಿ ನೀಲವ್ವ ಜೋಡಿ ಎಲೆ ಹಾಕಿ, ನಡುವೆ ಹೊಸ ಹಿತ್ತಾಳೆ ವಾಲ್ವು ಇಟ್ಟಿದ್ದಳು, ಚೆಂಡಿಗೆ ಕುಂಕುಮ ಹಚ್ಚಿ. ಓಣಿಯ ಜನ ವಾಶರು ಕೊಳ್ಳುವ ನೆವದಲ್ಲಿ ಬಂದು ನಿಂತಿದ್ದರು. ವೆಂಕೋಬಾಚಾರ್ಯರೂ ಒಂದು ನಟ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ನೀಲವ್ವ ಬಡಿಸಿದಳು. ಇಬ್ಬರೂ ತಲೆ ತಗ್ಗಿಸಿ ಉಂಡರು. ಎರಡನೆಯ ಸಲ ಬಂದಾಗ ಇಬ್ಬರೂ ಸುಮ್ಮನಿದ್ದರು, ಹಾಕಿದಳು. ಮತ್ತೆ ಬಂದಾಗಲೂ ಹಾಗೆಯೇ. ತುಳಸಕ್ಕ ಮನೆಯಲ್ಲಿ ಒಂದು ಮುಷ್ಟಿ ಅನ್ನಕ್ಕೆ ಕೈ ತೊಳೆಯುವವಳು. ಅಂಬಾ ಉಂಡದ್ದನ್ನು ನಾನು ಸರಿಯಾಗಿ ನೋಡಿದ್ದೇ ಇಲ್ಲ. ಈಗ ಇಬ್ಬರೂ ಒಬ್ಬರ ಎಲೆಯನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ, ತುತ್ತಿಗೆ ತುತ್ತು ಸಮ ಮಾಡಿಕೊಂಡು ಉಣ್ಣುತ್ತಿದ್ದರು.

“ಅವ್ವಾರ, ಇನ್ನೊಂದೀಟು?” ಅಂದಳು ನೀಲವ್ವ.

“ಅವರಿಗೆ ಹಾಕು,” ಅಂದಳು ಅಂಬಾ.

“ಆಕೀಗೆ ಹಾಕವಾ, ಸಣ್ಣಾಕಿ,” ಅಂದಳು ತುಳಸಕ್ಕ.

ನೀಲವ್ವ ಇಬ್ಬರಿಗೂ ಹಾಕಿದಳು. ನಾನು ಗೋಡೆಗೆ ಒರಗಿ ನಿಂತವನು ಆಗ ಒಂದಿಷ್ಟು ಅರ್ಥ ಮಾಡಿಕೊಂಡೆ. ಸಾಕು ಅಂದವಳು ಗೆದ್ದ ಹಾಗೆ. ಆದ್ದರಿಂದ ಇಬ್ಬರೂ ಅನ್ನುವುದಿಲ್ಲ. ಸೌಟನ್ನು ಇನ್ನೊಬ್ಬಳಿಗೆ ಬಿಟ್ಟುಕೊಡಲು ಹಟ ಹಿಡಿದಿದ್ದಾರೆ. ಅಥವಾ, ನೀನೇ ಕಸಿದುಕೊಂಡೆ ಅಂತ ನಾಳೆ ಅನ್ನಿಸಿಕೊಳ್ಳಬಾರದು ಅಂತ ಹಟವೋ? ಪ್ರೀತಿಯೋ ಸೇಡೋ? ಹುಗ್ಗಿಯ ಎದುರು ಎರಡೂ ಒಂದೇ ತರ ಕಾಣುತ್ತಿದ್ದವು. ಇಬ್ಬರ ಹಣೆಯ ಮೇಲೂ ಬೆವರು ಮೂಡಿತ್ತು. ಅಂಬಾ ಸೊಂಟದ ನಿರಿಗೆ ಸಡಿಲಿಸಿಕೊಂಡಳು. ತುಳಸಕ್ಕನ ಕಿವಿಗಳು ಕೆಂಪಾಗಿದ್ದವು. ನಿಂತವರಲ್ಲಿ ಯಾರೂ ಈಗ ನಗುತ್ತಿರಲಿಲ್ಲ. ವೆಂಕೋಬಾಚಾರ್ಯರ ಕೈಯಲ್ಲಿನ ನಟ್ಟು ತಿರುಗುವುದನ್ನು ಬಿಟ್ಟಿತ್ತು.

ಬಸಲಿಂಗಪ್ಪ ನನ್ನ ಕಿವಿಯ ಹತ್ತಿರ ಬಂದ. “ಸ್ವಾಮೇರ, ಹುಗ್ಗಿ ಭಾಂಡೆ ತಳಾ ಕಾಣಾಕತ್ತೈತಿ,” ಅಂದ. “ಸಾಕು ಬರೂಕಿಂತ ಮೊದಲ ಭಾಂಡೆ ಬರಿದಾತಂದ್ರ ಆ ವಾಲ್ವ ಮುಂದ ಯಾರ ದನೀನೂ ತಗೊಳ್ಳಂಗಿಲ್ಲ. ವಾಲ್ವ ಹೋದ್ರ ಹೋಗ್ಲಿ. ಎಲೀ ಮುಂದ ಕುಂತೂ ದನಿ ಕೊಡಲಾರದ ಮನೀ ಅಂತ ಆತು ಅಂದ್ರ, ಆ ಮನ್ಯಾಗಿನ ನಳಾನೂ ಮಾತು ಕೇಳೂದು ಬಿಡ್ತಾವ. ನಮ್ಮ ಮುತ್ಯಾನ ಕಾಲಕ್ಕ ಒಂದ ಮನೀ ಹಂಗ ಬಿಟ್ಟ ಹೋದ್ರು. ಏನರೆ ಅನ್ರಿ ನೀವು.”

ನಾನು ಏನು ಅನ್ನಲಿ? ದೇವರನ್ನು ನೆನೆದೆ. ಇಂಥ ಹೊತ್ತಿಗೆ ಬೇಕಾದ ಪದ್ಯ ಒಂದೂ ನೆನಪಾಗಲಿಲ್ಲ.

ನೀಲವ್ವ ಪಾತ್ರೆಯನ್ನು ಓರೆ ಮಾಡಿ ಬಳಿಯುವ ಸದ್ದು ಕೇಳಿತು. ತಳದ ಹುಗ್ಗಿ ಕುದಿ ಕುದಿ ಬಿಸಿ. ಸೌಟು ತುಂಬಿಕೊಂಡು ಮೊದಲು ತುಳಸಕ್ಕನ ಎಲೆಯ ಹತ್ತಿರ ಬಂದಳು. ತುಳಸಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಎಡಗೈ ನೆಲಕ್ಕೆ ಊರಿತ್ತು. ತುಟಿಗಳು ಅಲುಗಿದವು, ಸದ್ದು ಬರಲಿಲ್ಲ. ಸೌಟು ಓರೆಯಾಯಿತು. ಅಷ್ಟರಲ್ಲಿ ಅಂಬಾಳ ಕೈ ಅಡ್ಡ ಬಂತು. ತನ್ನ ಎಲೆಯ ಮೇಲಲ್ಲ, ತುಳಸಕ್ಕನ ಎಲೆಯ ಮೇಲೆ. ಕೆಂಡದಂಥ ಹುಗ್ಗಿ ಆಕೆಯ ಕೈಯ ಹಿಂಬದಿಗೆ ಬಿತ್ತು.

“ಸಾಕು!” ಅಂದಳು ಅಂಬಾ. “ಆಕೀಗೆ ಸಾಕು. ಕಣ್ಣು ಕಾಣಸೂದಿಲ್ಲೇನು ನಿನಗ? ಜೀವಾ ಹೋಗ್ತದ ಆಕೀದು!”

ವಾಲ್ವು ಟಕ್ ಅಂತು.

ತುಳಸಕ್ಕ ಕಣ್ಣು ತೆರೆದಳು. ಅಂಬಾಳ ಕೈ ನೋಡಿದಳು. ಎಂಜಲು ಕೈಯಲ್ಲೇ ಅದನ್ನು ಹಿಡಿದೆಳೆದು ಊದತೊಡಗಿದಳು. “ಹುಚ್ಚ ಖೋಡಿ! ಕೈ ಯಾಕ ಒಡ್ಡಿದಿ? ಬಾಯಿಲ್ಲೇನು ನಿನಗ? ನೀಲವ್ವಾ, ಜೇನುತುಪ್ಪ ತಾ, ಲಗೂ ತಾ. ನೋಡು ಹೆಂಗ ಗುಳ್ಳಿ ಎದ್ದವ. ಇನ್ನ ಹಿಟ್ಟು ಹೆಂಗ ನಾದತೀ, ಬುತ್ತಿ ಹೆಂಗ ಕಟ್ಟತೀ? ನನಗ ಹೊಟ್ಟಿ ತುಂಬಿದ್ದು ನನಗಿಂತ ನಿನಗ ಹೆಚ್ಚು ಗೊತ್ತೇನು?”

“ಗೊತ್ತದ,” ಅಂದಳು ಅಂಬಾ. ನೋವಿಗೆ ಆಕೆಯ ಕಣ್ಣಲ್ಲಿ ನೀರಿತ್ತು. “ಇಷ್ಟು ವರ್ಷ ಜೋಡಿ ಉಂಡೇನಿ, ಗೊತ್ತಿರಂಗಿಲ್ಲೇನು?”

ಬಸಲಿಂಗಪ್ಪ ವಾಲ್ವನ್ನು ಎತ್ತಿ ಕಿವಿಗೆ ಹಿಡಿದ. ಅಲುಗಿಸಿದ. ಮತ್ತೆ ಹಿಡಿದ. ಯಾರದು ಅಂತ ವೆಂಕೋಬಾಚಾರ್ಯರು ಕೇಳಿದರು. “ಏನ್ ಹೇಳ್ಲಿ ಆಚಾರ್ರ,” ಅಂದ ಬಸಲಿಂಗಪ್ಪ. “ದನಿ ಈಕೀದು, ಹೊಟ್ಟಿ ಆಕೀದು. ಇಂಥಾದು ನಮ್ಮ ಅಂಗಡ್ಯಾಗ ಕುಂತಿಲ್ಲ. ನಡೀತೈತಿ ಅಂತ ಹೇಳಾಕ ನನಗ ಧೈರ್ಯ ಇಲ್ಲ, ನಡಿಯಂಗಿಲ್ಲ ಅನ್ನಾಕೂ ಇಲ್ಲ. ಒಯ್ದು ಜೋಡಸ್ರಿ.”

ಅದರ ಮೇಲೆ ಅಂಗಡಿಯಲ್ಲಿ ದೊಡ್ಡ ವಾದವಾಯಿತು. ಸಾಕು ಅಂದ ನಾಲಿಗೆಯೇ ಯಜಮಾನಿ ಅಂತ ಕೆಲವರು. ತುಂಬಿದ ಹೊಟ್ಟೆಯಿಂದ ಬಂದದ್ದಷ್ಟೇ ಸಾಕು, ನಾಲಿಗೆ ಬರೀ ಕೊಳವೆ ಅಂತ ಕೆಲವರು. ಎಲೆಗೆ ಅಡ್ಡ ಬಂದ ಕೈಯನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತೀರಿ ಅಂತ ನೀಲವ್ವ. ನಾವು ಮೂವರೂ ಎದ್ದು ಬಂದಾಗಲೂ ಅದು ನಡೆದೇ ಇತ್ತು. ಬರುವಾಗ ದಾರಿ ಅರ್ಧವಾಯಿತು, ಯಾಕೆಂದರೆ ತುಳಸಕ್ಕ ಅಂಬಾಳ ಮೊಣಕೈ ಹಿಡಿದುಕೊಂಡು ಬಂದಳು; ಯಾರು ಮುಂದೆ ಯಾರು ಹಿಂದೆ ಅನ್ನುವ ಮಾತೇ ಬರಲಿಲ್ಲ. ತುಂಬಿದ ಹೊಟ್ಟೆಗೆ ಇಬ್ಬರೂ ಮೆಲ್ಲಗೆ, ಬಾಣಂತಿಯರ ಹಾಗೆ ನಡೆಯುತ್ತಿದ್ದರು.

ನಾನು ವಾಲ್ವು ಜೋಡಿಸಿ ತಿರುಪು ಬಿಗಿಮಾಡಿ ಕಾಕ್ ತೆರೆದೆ. ಇಬ್ಬರೂ ಸಂಡಾಸಿನ ಬಾಗಿಲ ಹೊರಗೆ ನಿಂತಿದ್ದರು. ನೀರು ಏರಿತು. ಚೆಂಡು ಏರಿತು. ಗುರುತಿನ ಗೆರೆಯ ಹತ್ತಿರ ಬಂದು ತಡೆಯಿತು, ಏನನ್ನೋ ಕೇಳಿಸಿಕೊಳ್ಳುವಂತೆ ಒಂದು ಗಳಿಗೆ ಅಲ್ಲೇ ಆಡಿತು. ಆಮೇಲೆ ನಿಂತಿತು. ಗೆರೆಗೆ ಸರಿಯಾಗಿ, ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ.

“ನಿಂತ್ವೇನು?” ಅಂದಳು ಅಂಬಾ ಹೊರಗಿನಿಂದ.

“ನಿಂತ್ವು,” ಅಂದೆ.

“ಯಾರ ದನಿ ಕೇಳಿಸ್ತು?” ಅಂದಳು ತುಳಸಕ್ಕ.

ನಾನು ಇಡೀ ಜನ್ಮ ಕೇಳುತ್ತ ಬಂದವನು. ಗುಡಿಯಲ್ಲಿ ಕಣ್ಣು ಮುಚ್ಚಿ ಕೂತರೂ ಹಾಡುತ್ತಿರುವವರು ಯಾರು, ಅವರು ಊಟ ಮಾಡಿ ಬಂದಿದ್ದಾರೋ ಇಲ್ಲವೋ ಅಂತ ಹೇಳಬಲ್ಲೆ. ಆದರೆ ಆ ಚೆಂಡು ನಿಂತಾಗ ಕೇಳಿದ್ದು ಅಂಬಾಳ ದನಿಯಲ್ಲಿ ಅಕ್ಕನ ಉಸಿರೋ, ಅಕ್ಕನ ದನಿಯಲ್ಲಿ ಅಂಬಾಳ ಸಿಟ್ಟೋ, ನನಗೆ ಬಿಡಿಸಲಾಗಲಿಲ್ಲ. “ತಿಳೀಲಿಲ್ಲ” ಅಂದೆ. ಸ್ವಲ್ಪ ಹೊತ್ತಿಗೆ ಅಟ್ಟದ ಮೆಟ್ಟಿಲ ಕಡೆಯಿಂದ, “ಈ ಗಂಟು ಇಲ್ಲೆ ಯಾಕ ಬಿದ್ದದ, ಕಾಲಿಗೆ ತೊಡರ್ತದ, ಒಳಗ ಇಡ್ತೀನಿ,” ಅನ್ನುವ ಅಂಬಾಳ ದನಿ ಬಂತು. “ಇಡು,” ಅಂದಳು ತುಳಸಕ್ಕ.

ಅವತ್ತು ಸಂಜೆ ಇಬ್ಬರಿಗೂ ಊಟ ಬೇಕಿರಲಿಲ್ಲ. ಹಸಿದವನು ನಾನೊಬ್ಬನೇ. ಎಲೆಯ ಮುಂದೆ ಕೂತು, ಸೌಟು ಯಾರ ಕೈಯಲ್ಲಿ ಬರುತ್ತದೆ ಅಂತ ಅಡಿಗೆಮನೆಯ ಬಾಗಿಲನ್ನೇ ನೋಡುತ್ತಿದ್ದೆ. ಒಳಗೆ “ನೀ ಹೋಗು”, “ನೀವು ಹೋಗ್ರಿ” ನಡೆದಿತ್ತು. ಆಮೇಲೆ ಇಬ್ಬರೂ ಬಂದರು. ಅಂಬಾಳ ಬಲಗೈಗೆ ಬಟ್ಟೆ ಸುತ್ತಿತ್ತು. ಎಡಗೈಯಿಂದ ಬಡಿಸುವಂತಿಲ್ಲ. ಆಕೆ ಸುತ್ತಿದ ಕೈಯಲ್ಲೇ ಸೌಟಿನ ತುದಿ ಹಿಡಿದಿದ್ದಳು. ಆ ಕೈಯ ಕೆಳಗೆ ತುಳಸಕ್ಕನ ಕೈ ಇತ್ತು, ಇನ್ನೊಂದು ಕೈಯಲ್ಲಿ ಪಾತ್ರೆ. ಸೌಟು ಅತ್ತಿತ್ತ ಓಲಾಡಿ, ಅರ್ಧ ಹುಳಿ ಎಲೆಯ ಮೇಲೂ ಅರ್ಧ ನನ್ನ ಮಂಡಿಯ ಮೇಲೂ ಬಿತ್ತು.

“ನೆಟ್ಟಗ ಹಿಡೀವಾ,” ಅಂದಳು ಅಕ್ಕ.

“ನೀವು ಅತ್ತಾಗ ಜಗ್ಗಬ್ಯಾಡ್ರಿ,” ಅಂದಳು ಅಂಬಾ.

ಎರಡನೆಯ ಸೌಟು ಬಂತು, ಮೂರನೆಯದು ಬಂತು. ಅನ್ನ ಮುಳುಗಿತು, ಎಲೆಯ ಅಂಚಿಗೆ ಹುಳಿ ಬಂತು. ಯಾರ ಕಡೆ ನೋಡಿ ಅನ್ನಬೇಕೆಂದು ತಿಳಿಯದೆ ನಾನು ಸೌಟಿನ ಕಡೆಯೇ ನೋಡಿ ಸಾಕು ಅಂದೆ. ಸ್ಪಷ್ಟವಾಗಿಯೇ ಅಂದೆ.

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. “ಈತನ ಸಾಕು ನಂಬೂ ಹಂಗ ಅದ ಏನು, ಅಂಬಾ?” ಅಂದಳು ಅಕ್ಕ. “ಎಲ್ಲೀದು ಬಿಡ್ರಿ, ಟ್ಯಾಂಕಿನ್ಯಾಗ ನೋಡಿಲ್ಲೇನು,” ಅಂದಳು ಅಂಬಾ. ಇನ್ನೊಂದು ಸೌಟು ಬಿತ್ತು.